ಎರಡೂ ಕಣ್ಣಾದರೆ ನೀರು

ಕಣ್ಣಿನ ಡಾಕ್ಟರರ ಮೀನಿಗೆ ಕಣ್ಣು ಕಾಣುತ್ತಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಇಲ್ಲಿ ಆ ಕತ್ತಲೆ ಗಾಜಿನ ತೊಟ್ಟಿಯಲ್ಲಿತ್ತು, ಅದೂ ರೋಗಿಗಳು ಕಾಯುವ ಕೋಣೆಯ ನಟ್ಟನಡುವೆ. ಸಮುದ್ರದ ಆ ಹಳದಿ ಮೀನು ಮೇವು ಬಿಟ್ಟು ಗುಳ್ಳೆಗೆ ಬಾಯಿ ಹಾಕುತ್ತಿತ್ತು. ಅದನ್ನು ನೋಡಿದ ಇಬ್ಬರು ರೋಗಿಗಳು ಬೆಳಗ್ಗೆಯೇ ಎದ್ದು ರಸ್ತೆಯಾಚೆಯ ಕಣ್ಣಿನ ಆಸ್ಪತ್ರೆಗೆ ಹೋಗಿದ್ದರು. ಎದುರಿನ ಡಾಕ್ಟರ ಕೈಗೆ ಕುರಿಯ ಕಣ್ಣನ್ನೂ ಕೊಡಬಾರದೆಂದು ಇಪ್ಪತ್ತು ವರ್ಷದಿಂದ ಸಾರಿಕೊಂಡು ಬಂದ ಡಾಕ್ಟರಿಗೆ ಇದು ಸಹಿಸುವ ಸಂಗತಿಯೇ?

ಅಷ್ಟರಲ್ಲಿ ಅಮ್ಮನನ್ನು ತೋರಿಸಲು ಬಂದಿದ್ದ ಹೆಂಗಸು ಮೀನಿನ ಡಾಕ್ಟರೆಂದು ತಿಳಿಯಿತು. ಮರುದಿನ ಪೊರೆ ತೆಗೆಯಬೇಕಿದ್ದ ನಾಲ್ವರಲ್ಲಿ ಅಮ್ಮನದೇ ಮೊದಲ ಹೆಸರು. ಡಾಕ್ಟರು ಅಮ್ಮನ ಕಣ್ಣಿನ ಪರೀಕ್ಷೆಯನ್ನು ಎರಡೇ ನಿಮಿಷದಲ್ಲಿ ಮುಗಿಸಿ, ಹನಿ ಹಾಕಿಸಿ ಮೂಲೆಯಲ್ಲಿ ಕೂರಿಸಿ, ಮಗಳನ್ನು ತೊಟ್ಟಿಯ ಮುಂದೆ ತಂದು ನಿಲ್ಲಿಸಿದರು. ತಾವೂ ಮೀನಿಗೆ ಹನಿ ಹಾಕಿ ನೋಡಿದ್ದಾಗಿಯೂ, ಅದು ಮೈ ಕೊಡವಿಕೊಂಡು ಹೋದದ್ದಾಗಿಯೂ ಒಪ್ಪಿಕೊಂಡರು.

ಮಗಳು ಟಾರ್ಚು ಹಿಡಿದು ಎರಡೂ ಪಕ್ಕ ನೋಡಿದಳು. ಎರಡು ಕಣ್ಣಿಗೂ ಹಾಲಿನ ಕೆನೆಯಂಥ ಮಬ್ಬು.

“ಒಂದೇ ಕಣ್ಣಾದ್ರೆ ಪೆಟ್ಟು ಬಿದ್ದಿರುತ್ತೆ ಡಾಕ್ಟ್ರೇ. ಎರಡೂ ಕಣ್ಣಾದ್ರೆ ಮೊದಲು ನೀರು ನೋಡ್ಬೇಕು. ಉಪ್ಪು ಅಳೆಯೋದು ಯಾರು?”

ಅದನ್ನು ನರ್ಸಮ್ಮನ ಕೈಗೂ ಕೊಡುವುದಿಲ್ಲ, ದಿನಾ ತಾವೇ ಅಳೆಯುವುದೆಂದು ಡಾಕ್ಟರು ಎದೆಯುಬ್ಬಿಸಿ, ಗೇಣುದ್ದದ ದುರ್ಬೀನಿನಂಥದ್ದನ್ನು ತಂದರು. ಅದರ ಗಾಜಿನ ಮೇಲೆ ಒಂದು ತೊಟ್ಟು ನೀರು ಬಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ಇಣುಕಿದರು. ಮೂವತ್ತೈದು, ಸಮುದ್ರದಲ್ಲಿ ಇರುವಷ್ಟೇ ಎಂದರು.

ಮಗಳು ಇಸಿದುಕೊಂಡು ನೋಡಿದಳು. ಗೆರೆ ನಲವತ್ತೈದರ ಮೇಲೆ ಕೂತಿತ್ತು. ಗಾಜು ಒರೆಸಿ ಹೊಸ ತೊಟ್ಟು ಹಾಕಿದಳು; ಮತ್ತೆ ನಲವತ್ತೈದು. ನರ್ಸಮ್ಮನೂ ಇಣುಕಿ, ನಲವತ್ತೈದು ಎಂದುಬಿಟ್ಟು ನಾಲಗೆ ಕಚ್ಚಿಕೊಂಡಳು.

ಮೀನಿನ ರೋಗವೇನೋ ಸಿಕ್ಕಿತು. ನೀರು ಆವಿಯಾಗಿ ಉಪ್ಪು ಏರುತ್ತ ಬಂದಿದೆ, ಅಳೆಯುವವರಿಗೆ ಮಾತ್ರ ಕಂಡಿಲ್ಲ. ದಿನಕ್ಕಿಷ್ಟು ಸಿಹಿನೀರು ಬೆರೆಸುತ್ತ ಹೋದರೆ ಹನಿಯೂ ಬೇಡ, ಮಾತ್ರೆಯೂ ಬೇಡ. ಆದರೆ ಮಗಳು ಅಮ್ಮ ಕೂತಿದ್ದ ಮೂಲೆಯ ಕಡೆ ತಿರುಗಿ ನೋಡಿದಳು. ನಾಳೆ ಅಮ್ಮನ ಕಣ್ಣಿಗೆ ಚಾಕು ಹಾಕಬೇಕಾದವರು ಇವರೇ.

ಅವಳು ದನಿ ತಗ್ಗಿಸಿದಳು. “ನಿಮಗೆ ಒಂದು ಕಣ್ಣೋ, ಎರಡೂನೋ?”

ಡಾಕ್ಟರು ಮೀನಿನತ್ತ ನೋಡಿದರು. ಅದು ಗುಳ್ಳೆಯೊಂದನ್ನು ಹಿಡಿಯಲು ಹೋಗಿ ಗಾಜಿಗೆ ಮೂತಿ ಗುದ್ದಿಕೊಂಡಿತು.

“ಎರಡೂ,” ಎಂದರು. ಮಬ್ಬು ಕವಿದು ವರ್ಷವಾಯಿತಂತೆ, ಹೆಂಡತಿಗೂ ಹೇಳಿರಲಿಲ್ಲವಂತೆ. ಆಮೇಲೆ ನರ್ಸಮ್ಮನ ಕಡೆ ತಿರುಗಿದರು. “ಎದುರಿನವನಿಗೆ… ಎದುರಿನವರಿಗೆ ಒಂದು ಫೋನ್ ಮಾಡಮ್ಮ. ನಾಳೆ ನಮ್ಮ ನಾಲ್ಕು ಜನಾನೂ ಅಲ್ಲಿಗೇ ಬರ್ತಾರೆ, ನನ್ನನ್ನೂ ಸೇರಿಸಿ ಐದು ಅನ್ನು.”

ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ಅಮ್ಮ ಇಷ್ಟು ಹೊತ್ತೂ ಕಿವಿ ತೆರೆದೇ ಇಟ್ಟಿದ್ದಳು.

“ಹಾಗಾದ್ರೆ ಮೊದಲು ನೀವು ಮಲಗಿ ಡಾಕ್ಟ್ರೇ,” ಎಂದಳು. “ಅವರ ಕೈ ಹೇಗಿದೆ ಅಂತ ನೋಡ್ಕೊಂಡು ಆಮೇಲೆ ನಾನು ಮಲಗ್ತೀನಿ.”