ಹಾಫ್ ಕ್ಲಚ್

ಡ್ರೈವಿಂಗ್ ಹೇಳಿಕೊಡುವ ಚೆಲುವಯ್ಯನ ಕಾಲು ತನ್ನ ಬದಿಯ ಬ್ರೇಕ್ ಒತ್ತಿ ಒತ್ತಿ ಸೋತುಹೋಗಿತ್ತು. ಐವತ್ತು ದಾಟಿದ ಪ್ರಭಾವತಿಯವರು ಕಲಿಯಲು ಬಂದು ಮೂರು ತಿಂಗಳಾಯಿತು. ಇವತ್ತೂ ಆಸ್ಪತ್ರೆ ಏರಿನಲ್ಲಿ ಗಾಡಿ ಆಫ್.

"ಹಾಫ್ ಕ್ಲಚ್ ಅಮ್ಮಾ, ಹಾಫ್ ಕ್ಲಚ್!"

"ತಪ್ಪಾಯ್ತು ಸಾರ್."

"ಇರ್ಲಿ ಬಿಡಿ, ತಪ್ಪು ಮಾಡ್ತಾ ಮಾಡ್ತಾನೇ ಕಲಿಯೋದು," ಎಂದು ಎಂದಿನಂತೆ ಗೊಣಗಿ ಅವನು ಸೀಟಿಗೆ ಒರಗಿದ. ಅವರು ಮತ್ತೆ ಸ್ಟಾರ್ಟ್ ಮಾಡುವಷ್ಟರಲ್ಲಿ ಅವನಿಗೆ ಜೊಂಪು ಹತ್ತಿತು.

ಬೆಚ್ಚಿ ಕಣ್ಣು ಬಿಟ್ಟಾಗ ಏರು, ಸಂತೆಬೀದಿ ಎಲ್ಲ ದಾಟಿ ಬಂದ ಕಾರು, ಡ್ರೈವಿಂಗ್ ಸ್ಕೂಲಿನ ಮುಂದೆ ಎರಡು ಲಾರಿಗಳ ನಡುವೆ ರಿವರ್ಸಿನಲ್ಲಿ ನೀಟಾಗಿ ನಿಂತಿತ್ತು.

"ನಿಮ್ಗೆ ಚೆನ್ನಾಗೇ ಬರುತ್ತಲ್ಲಮ್ಮಾ!"

ಪ್ರಭಾವತಿ ಕೀಲಿಯನ್ನು ಅವನ ಕೈಗಿಟ್ಟರು.

"ನಮ್ಮನೇಲಿ ಹೇಳ್ಬೇಡಿ ಸಾರ್. ಕಲ್ತಾಯ್ತು ಅಂತ ಗೊತ್ತಾದ್ರೆ ನಾಳೆಯಿಂದ ನನ್ನನ್ನ ಹೊಸ್ತಿಲು ದಾಟೋಕೆ ಬಿಡಲ್ಲ."