ಕಡ್ಡಿಯ ಮಂಡಿ

ಮಂಡಿಯೆತ್ತರದ ಮರದ ಪೆಟ್ಟಿಗೆಯಿಂದ ಕಡ್ಡಿ ಮೂರನೇ ಸಲ ಧುಮುಕಿ, ನೆಲ ಮುಟ್ಟಿದ ಕೂಡಲೇ ಮೇಲಕ್ಕೆ ನೆಗೆದಳು. ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಎಲ್ಲರಿಗಿಂತ ತೆಳ್ಳಗಿದ್ದುದಕ್ಕೆ ಅವಳಿಗೆ ಆ ಹೆಸರು. ಫಿಸಿಯೋ ಮೇಡಂ ಕ್ಯಾಮೆರಾದಲ್ಲಿ ಹಿಡಿದದ್ದನ್ನು ನಿಧಾನಕ್ಕೆ ಓಡಿಸಿ ನೋಡಿದರು. ಮೂರು ಸಲವೂ ಅದೇ ಕಥೆ. ಕಾಲೂರಿದಾಗ ಎಡ ಮಂಡಿ ಒಳಕ್ಕೆ ವಾಲುತ್ತಿತ್ತು.

"ಇನ್ನೊಂದ್ಸಲ ಹಾರ್ಲಾ ಮೇಡಂ?"

"ಬೇಡ ಕಣೇ. ಇದರಲ್ಲಿ ಪಾಸು ಫೇಲು ಅಂತೆಲ್ಲ ಇಲ್ಲ. ಹೀಗೆ ವಾಲೋ ಮಂಡಿಗೆ ಪೆಟ್ಟಾಗೋ ಸಂಭವ ಜಾಸ್ತಿ, ಅಷ್ಟೇ. ನಾನು ಕೊಡೋ ಕಸರತ್ತು ಆರು ವಾರ ಮಾಡು, ಸಾಕು."

ಅವಳ ಹಿಂದೆ ಬಂದವಳು ಬೆಕ್ಕು. ಎಷ್ಟು ಎತ್ತರದಿಂದ ಹಾರಿದರೂ ಸದ್ದಿಲ್ಲದೆ ಇಳಿಯುವವಳು. ಅವಳ ಮಂಡಿ ಒಂದಿಷ್ಟೂ ಅಲ್ಲಾಡಲಿಲ್ಲ.

ಕೋಚ್‌ಗೆ ಅಂಕಿಗಳನ್ನು ಓದುವ ತಾಳ್ಮೆಯಿಲ್ಲವೆಂದು ಮೇಡಂ ಬಣ್ಣದ ಸ್ಟಿಕರ್ ತಂದಿದ್ದರು. ಕಸರತ್ತು ಬೇಕಾದವರ ಹೆಸರಿನ ಮುಂದೆ ಕೆಂಪು, ಉಳಿದವರಿಗೆ ಹಸಿರು. ಜಾಣತನ ಮಾಡಿದೆ ಅಂದುಕೊಂಡಿದ್ದರು, ಪಾಪ. ಕೋಚ್ ಪಟ್ಟಿಯ ಮೇಲೆ ಬೆರಳಾಡಿಸಿ ಕಡ್ಡಿಯ ಹೆಸರಿನ ಮೇಲೆ ನಿಲ್ಲಿಸಿದರು.

"ಕೆಂಪು. ಇವಳನ್ನ ಬೆಂಚಿಗೆ ಹಾಕ್ತೀನಿ."

"ಸರ್, ಕೆಂಪು ಅಂದ್ರೆ ಬೇಡ ಅಂತಲ್ಲ. ದಿನಾ ಇಪ್ಪತ್ತು ನಿಮಿಷ ಇವಳನ್ನ ನನ್ನ ಹತ್ರ ಬಿಡಿ ಅಂತ."

"ಆಡದೇ ಇರೋಳಿಗೆ ಕಸರತ್ತು ಯಾಕೆ? ಗುರುತು ಹಾಕಿದ್ದು ನೀವೇ ತಾನೇ ಮೇಡಂ?"

ಮೇಡಂ ಎರಡು ದಿನ ಹೇಳಿ ನೋಡಿದರು, ಮೂರನೇ ದಿನ ಸುಮ್ಮನಾದರು. ಕಡ್ಡಿ ಆರು ವಾರ ನೀರಿನ ಬಾಟಲಿ ತುಂಬಿಸಿದಳು, ಟವೆಲ್ ಮಡಚಿದಳು. ಮನೆಯಲ್ಲಾದರೂ ಕಸರತ್ತು ಮಾಡುತ್ತೀಯಾ ಎಂದು ಕೇಳಿದರೆ, "ಆಡೋಕೇ ಬಿಡಲ್ಲ, ಯಾವ ಸುಖಕ್ಕೆ ಮೇಡಂ?" ಎಂದಳು. ಅವಳ ಕೋಪ ನ್ಯಾಯವಾದದ್ದೇ. ಮಂಡಿ ಮಾತ್ರ ಇದ್ದ ಹಾಗೇ ಉಳಿಯಿತು.

ಸೆಮಿಫೈನಲ್‌ನಲ್ಲಿ ಬೆಕ್ಕು ಮೇಲಕ್ಕೆ ಹಾರಿ ಚೆಂಡು ಹಿಡಿದು ಇಳಿದಳು. ಹತ್ತಿರದಲ್ಲಿ ಯಾರೂ ಇರಲಿಲ್ಲ, ಯಾರೂ ತಳ್ಳಲಿಲ್ಲ. ತಿರುಗುವಾಗ ಮಂಡಿಯೊಳಗೆ ಟಪ್ಪೆಂದದ್ದು ಬೆಂಚಿನವರೆಗೂ ಕೇಳಿಸಿತು. ಅವಳು ಕಾಲು ಹಿಡಿದುಕೊಂಡು ಅಮ್ಮಾ ಎಂದು ಕಿರುಚುತ್ತ ಹೊರಳಾಡಿದಳು.

ಅವಳನ್ನು ಎತ್ತಿ ತಂದು ಮಂಡಿಗೆ ಐಸ್ ಒತ್ತುತ್ತಿದ್ದ ಮೇಡಂಗೆ ಹಿಂದಿನಿಂದ ಕೋಚ್ ದನಿ ಕೇಳಿಸಿತು.

"ಕಡ್ಡೀ, ಜಾಕೆಟ್ ತೆಗಿ. ಇಳಿ."

"ಬೇಡ ಸರ್! ಅವಳದು ಕೆಂಪು. ಒಂದು ದಿನಾನೂ ಕಸರತ್ತು ಮಾಡಿಲ್ಲ."

"ಹಸಿರಿನವಳ ಗತಿ ಏನಾಯ್ತು ನೋಡಿದ್ರಲ್ಲ?"

ಮೇಡಂ ಬಳಿ ಇದಕ್ಕೆ ಉತ್ತರವಿತ್ತು. ಹಸಿರೆಂದರೆ ಏನೂ ಆಗುವುದಿಲ್ಲ ಎಂದಲ್ಲ. ಪೆಟ್ಟಿಗೆಯಿಂದ ಹಾರಿಸಿ ನೋಡಿ, ಯಾರ ಮಂಡಿ ಯಾವತ್ತು ಕೈಕೊಡುತ್ತದೆಂದು ಹೇಳಲು ಯಾರಿಂದಲೂ ಆಗದು. ಆದರೆ ಅದನ್ನು ಸ್ಟಿಕರ್ ಅಂಟಿಸಿದ ದಿನವೇ ಹೇಳಬೇಕಿತ್ತು.

ಕಡ್ಡಿ ಆಗಲೇ ಜಾಕೆಟ್ ಕಳಚಿದ್ದಳು. ಆರು ವಾರದಲ್ಲಿ ಅವಳ ಮುಖ ಅರಳಿದ್ದು ಅದೇ ಮೊದಲು.

"ನಿಮ್ಮ ದಮ್ಮಯ್ಯ ಮೇಡಂ, ಏನೂ ಹೇಳ್ಬೇಡಿ," ಎಂದವಳೇ ಅಂಕಣಕ್ಕೆ ಓಡಿದಳು.

ಕೆಂಪು ಗುರುತಿದ್ದವಳನ್ನು ಯಾಕೆ ಆಡಿಸಿದಿರಿ ಎಂದು ನಾಳೆ ತಂಡದ ಮೇಲಧಿಕಾರಿಗಳು ಪಟ್ಟಿ ಕೇಳಿದರೆ? ಕೋಚ್ ಅದನ್ನು ತೊಡೆಯ ಮೇಲಿಟ್ಟುಕೊಂಡು, ಕಡ್ಡಿಯ ಹೆಸರಿನ ಮುಂದಿದ್ದ ಕೆಂಪು ಸ್ಟಿಕರನ್ನು ಉಗುರಿನಿಂದ ಕೆರೆದರು. ಅದು ಜಪ್ಪಯ್ಯ ಎನ್ನಲಿಲ್ಲ. ಬೆಕ್ಕಿನ ಹೆಸರಿನ ಮುಂದಿದ್ದ ಹಸಿರು ಸಲೀಸಾಗಿ ಎದ್ದುಬಂತು. ಅದನ್ನೇ ತೆಗೆದು ಕೆಂಪಿನ ಮೇಲೆ ಅಂಟಿಸಿ, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರು.