ಬಾಯಿ ಮುಚ್ಚದ ಕೌದಿ

ಆ ಊರಿನಲ್ಲಿ ಹೊಲಿದು ಮುಗಿಸಿದ ಬಟ್ಟೆ ತನ್ನ ವಿಸ್ತೀರ್ಣವನ್ನು ಚದರ ಮೊಳದ ಲೆಕ್ಕದಲ್ಲಿ ತಾನೇ ಹೇಳಿ ಸುಮ್ಮನಾಗುತ್ತಿತ್ತು. ದಿಂಬಿನ ಚೀಲ ‘ಮುಕ್ಕಾಲು’ ಎನ್ನುತ್ತಿತ್ತು, ಜಮಖಾನ ‘ಹನ್ನೆರಡೂವರೆ’ ಎನ್ನುತ್ತಿತ್ತು, ಅಷ್ಟೇ. ಶಂಕ್ರವ್ವ ನೀಲವ್ವನ ಹತ್ತಿರ ತಂದ ಕೂಸಿನ ಕೌದಿ ಮಾತ್ರ ತಿಂಗಳಿಂದ ಬಾಯಿ ಮುಚ್ಚಿರಲಿಲ್ಲ.

“ಮೂರು ಪಾಯಿಂಟ್ ಎಂಟು ಎರಡು ಎಂಟು ನಾಲ್ಕು…”

“ಮನ್ಯಾಗ ಯಾರಿಗೂ ನಿದ್ದಿಲ್ಲ ನೀಲವ್ವಕ್ಕಾ,” ಎಂದಳು ಶಂಕ್ರವ್ವ. ಮೊಮ್ಮಗ ಅವಳ ಹೆಗಲ ಮೇಲೆ ಮಲಗಿದ್ದ. “‘ಒಂದು’ ಅಂತ ಹೇಳಿ ಸುಮ್ಮನಾದ ತುಂಡು ಹಚ್ಚಿದ್ರ ಇದೂ ಸುಮ್ಮನಾಗ್ತೈತಿ ಅಂತ ಹಚ್ಚಿದೆ. ಎರಡು ಪಾಯಿಂಟ್ ಅನ್ನೂದು ಈಗ ಮೂರು ಪಾಯಿಂಟ್ ಅಂತೈತಿ!”

ಕೌದಿ ಹೊಲಿಯುವ ನೀಲವ್ವ ಗಹಗಹಿಸಿ ನಕ್ಕಳು. “ಮುಗಿಯೋ ಅಂಕಿ ಎಷ್ಟ ಕೂಡಿಸಿದ್ರೂ ಮುಗೀಲಾರದ್ದು ಮುಗಿಯೂದಿಲ್ಲವ್ವಾ. ಇದರ ಉದ್ದ ಎರಡು ಮೊಳ, ಅಗಲ ರೂಟ್ ಎರಡು ಮೊಳ ಐತಿ. ಉದ್ದಾನೂ ರೂಟ್ ಎರಡ ಮಾಡೂಣು, ಗುಣಿಸಿದ್ರ ಅಂಕಿ ಮುಗೀತೈತಿ.”

ಹಚ್ಚಿದ ತುಂಡನ್ನು ಬಿಚ್ಚಿ, ಅಗಲದ ಅಂಚನ್ನು ಉದ್ದದ ಅಂಚಿಗೆ ಹೊಂದಿಸಿ ಮಡಚಿ, ಉಳಿದ ಪಟ್ಟಿಯನ್ನು ಕತ್ತರಿಸಿದಳು. ಎರಡರ ಅಂಚೂ ಹೊಲಿದದ್ದೇ ತಡ, ಕೌದಿ “ಎರಡು” ಎಂದು ತೆಪ್ಪಗಾಯಿತು. “ಸೊನ್ನೆ ಪಾಯಿಂಟ್ ಎಂಟು ಎರಡು…” ಎನ್ನುತ್ತಿದ್ದ ಪಟ್ಟಿಯನ್ನು ನೀಲವ್ವ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು. ಶಂಕ್ರವ್ವನ ರೆಪ್ಪೆಗಳು ಕೂತಲ್ಲೇ ಮುಚ್ಚಿಕೊಂಡವು.

ಆಗ ಕೂಸು ಕಣ್ಣು ಬಿಟ್ಟು ಓಣಿಗೆಲ್ಲ ಕೇಳುವಂತೆ ಅಳತೊಡಗಿತು. ಗಿಲಕಿ ಆಡಿಸಿದರು, ಬೆಲ್ಲ ನೆಕ್ಕಿಸಿದರು, ಎತ್ತಿಕೊಂಡು ಓಡಾಡಿದರು. ಏನೂ ನಡೆಯಲಿಲ್ಲ. ಕೊನೆಗೆ ನೀಲವ್ವ ಡಬ್ಬಿ ತೆರೆದು, ಕತ್ತರಿಸಿದ ಪಟ್ಟಿಯನ್ನು ಮತ್ತೆ ಅಲ್ಲೇ ಹೊಲಿದಳು.

“ಎರಡು ಪಾಯಿಂಟ್ ಎಂಟು ಎರಡು ಎಂಟು…”

ಮುಂದಿನ ಅಂಕಿ ಬರುವಷ್ಟರಲ್ಲಿ ಕೂಸು ಮಲಗಿತ್ತು.

ನೀಲವ್ವ ದಿಂಬಿನೊಳಗಿಂದ ಎರಡು ಚಿವುಟು ಹತ್ತಿ ಕಿತ್ತು ಶಂಕ್ರವ್ವನ ಕೈಗಿಟ್ಟಳು. “ತಗೋ, ಇದು ನಿನ್ನ ಕಿವಿಗೆ.”